ಮುಂದಿನ ಮಾದರಿ ಬರುವವರೆಗೆ

ಯಾವತಹಾಮ
10 ಏಪ್ರಿಲ್ 2022

ಮಿತ್ಸು,

ಚೆರ್ರಿ ಹೂವು ಉದುರಿತು, ಬಿಸಿಲು ಹಿತವಾಗಿದೆ, ನೀನು ಕ್ಷೇಮವೆಂದು ನಂಬಿದ್ದೇನೆ. ಅಲ್ಲಿಗೆ ಹವಾಮಾನ ಮುಗಿಯಿತು. ನಿನ್ನ ಹಾಗೆ ಅರ್ಧ ಕಾಗದವನ್ನು ಮೋಡಕ್ಕೂ ಗಾಳಿಗೂ ಖರ್ಚು ಮಾಡುವ ತಾಳ್ಮೆ ನನಗಿಲ್ಲ.

ಕಾರು ತೆಗೆದುಕೊಳ್ಳುತ್ತೇನೆ. ನಗಬೇಡ. ಅದೇ ಕಾರು, ಎರಡು ಸೀಟಿನದು, ಮೇಲ್ಛಾವಣಿ ಮಡಚಿ ಹಿಂದಕ್ಕೆ ಹಾಕುವಂಥದು. ಬಣ್ಣ ಕಡು ಹಸಿರು. ಗೇರು ಕೈಯಲ್ಲಿ ಹಾಕುವಂಥದೇ ಬೇಕು.

ಅಪ್ಪ ಕ್ಷೌರದಂಗಡಿಯನ್ನು ನನ್ನ ಕೈಗೆ ಕೊಟ್ಟ ವರ್ಷ ನಿನ್ನನ್ನು ಮೊದಲ ಸಲ ಕೇಳಿದೆ. ನೀನು ಆಗಷ್ಟೇ ಷೋರೂಮಿಗೆ ಸೇರಿದ್ದೆ, ಟೈ ಕಟ್ಟಲು ಬರುತ್ತಿರಲಿಲ್ಲ, ಆದರೂ ದೊಡ್ಡ ಮನುಷ್ಯನ ಹಾಗೆ ಹೇಳಿದೆ: "ಮೊದಲ್ನೇ ವರ್ಷದ ಗಾಡಿ ತಗೋಬೇಡ ಕಣೋ, ಅದರ ಕಾಯಿಲೆಗಳೆಲ್ಲ ಇನ್ನೂ ಹೊರಗೆ ಬಂದಿರಲ್ಲ." ಕಾಯಿಲೆಗಳೆಲ್ಲ ಹೊರಗೆ ಬಂದ ಮೇಲೆ ಮತ್ತೆ ಕೇಳಿದೆ. "ಈಗ ತಗೊಂಡ್ರೆ ಬರೋ ವರ್ಷ ಹೊಸ ಮಾದರಿ ಬಂದಾಗ ತಲೆ ಚಚ್ಕೋತೀಯ" ಎಂದೆ ನೀನು. ಹೊಸದು ಬಂತು, ಅದರ ದಪ್ಪ ಮೂತಿ ನನಗೆ ಹಿಡಿಸಲಿಲ್ಲ. ಅದರ ಮುಂದಿನದು ಬರುವ ಹೊತ್ತಿಗೆ ಅಮ್ಮ ಹಾಸಿಗೆ ಹಿಡಿದಿದ್ದಳು. ನಮ್ಮವಳು ಸುಮಿಯೆ ಅನ್ನುತ್ತಾಳೆ, "ನೀವಿಬ್ರೂ ಕಾರು ತಗೊಳ್ಳೋರಲ್ಲ ಬಿಡಿ, ಕಾರಿಗೆ ಮುಹೂರ್ತ ನೋಡೋರು" ಅಂತ.

ಈ ಸಲ ಮುಹೂರ್ತ ನೋಡು, ಆದರೆ ಬೇಗ ನೋಡು. ಈ ಶರತ್ಕಾಲದಲ್ಲಿ ಸದಾಮಿಸಾಕಿ ಭೂಶಿರದ ದಿಣ್ಣೆ ರಸ್ತೆಯಲ್ಲಿ, ಎರಡೂ ಕಡೆ ಸಮುದ್ರ ನೋಡುತ್ತ, ದೀಪಸ್ತಂಭದವರೆಗೆ ಹೋಗಿಬರಬೇಕು. ಕಿತ್ತಳೆ ತೋಟಗಳು ಹಣ್ಣಾಗಿರುವಾಗಲೇ ಹೋಗಬೇಕು. ಮುಂದಿನ ವರ್ಷವಲ್ಲ, ಈ ವರ್ಷ.

ಗಡ್ಡ ಕೆರೆಯುವ ಕೆಲಸವನ್ನು ಸುಮಿಯೆಗೆ ಬಿಟ್ಟಿದ್ದೇನೆ. ನಾನು ಬರೀ ಕೂದಲು. ವಯಸ್ಸಾದ ಮೇಲೆ ಯಜಮಾನ ಅಷ್ಟಾದರೂ ಸುಖಪಡಬೇಡವೇ?

ಈಗಲೋ, ಕಾಯಬೇಕೋ? ಒಂದೇ ಮಾತಿನಲ್ಲಿ ಹೇಳು.

ಕಿಯೊಹಾರು


ಮತ್ಸುಯಾಮ
24 ಏಪ್ರಿಲ್ 2022

ಕಿಯೊ,

ಎರಡು ದಿನದಿಂದ ಬಿಡದೆ ಮಳೆ. ನೀನು ರೇಗುತ್ತೀಯೆಂದು ಇಲ್ಲಿಗೇ ನಿಲ್ಲಿಸಿದ್ದೇನೆ.

ಒಂದೇ ಮಾತಿನಲ್ಲಿ ಹೇಳುವ ಅಧಿಕಾರ ನನಗೆ ಇನ್ನೂ ಬಂದಿಲ್ಲ. ಮೇ ತಿಂಗಳಲ್ಲಿ ಮೇಲಿನವರ ಸಭೆಯಿದೆ. ಅಲ್ಲಿಯೂ ಅವರು ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಹೊಸ ಬಣ್ಣಗಳ ಪಟ್ಟಿ ಹಂಚುತ್ತಾರೆ, ಅಷ್ಟೆ. ಹೋದ ಸಲಕ್ಕಿಂತ ಎರಡು ಬಣ್ಣ ಕಡಿಮೆಯಾಗಿದ್ದರೆ ಆ ಮಾದರಿಯ ಆಯುಸ್ಸು ಮುಗಿಯಿತೆಂದು ನಾವು ಅರ್ಥ ಮಾಡಿಕೊಳ್ಳಬೇಕು. ಗಿರಾಕಿಗೆ ಹೇಳಿದರೆ ಕೆಲಸ ಹೋಗುತ್ತದೆ. ನಿವೃತ್ತಿಯಾದ ಮೇಲೂ ಕರೆದು ಮೂಲೆಯಲ್ಲೊಂದು ಮೇಜು ಕೊಟ್ಟಿದ್ದಾರೆ, ಅದನ್ನು ಉಳಿಸಿಕೊಳ್ಳಬೇಕು. ನಿನಗೆ ಮಾತ್ರ ಎಂದಿನ ಹಾಗೆ ಹೇಳುತ್ತೇನೆ.

ಇಷ್ಟು ತಿಳಿದುಕೊಂಡಿರು. ಮನೆಮಂದಿ ಓಡಾಡುವ ಕಾರಿನ ಲೆಕ್ಕ ಬೇರೆ, ಇಂಥ ಕಾರಿನ ಲೆಕ್ಕ ಬೇರೆ. ಇದರಲ್ಲಿ ಕೊನೆಯ ವರ್ಷದ್ದೇ ಚಿನ್ನ. ಎಂಜಿನಿಯರುಗಳು ವರ್ಷಗಟ್ಟಲೆ ತಿದ್ದಿ ತೀಡಿ ಕೈಬಿಡುವ ಹೊತ್ತಿಗೆ ಅದು ಹದಕ್ಕೆ ಬಂದಿರುತ್ತದೆ. ಹಸಿರು ಬಣ್ಣದ್ದು ಒಂದು ನಮ್ಮ ಶಾಖೆಯ ಪಾಲಿಗೆ ಬರುವ ಹಾಗೆ ಈಗಲೇ ಹೆಸರು ಬರೆಸಿಟ್ಟಿದ್ದೇನೆ. ಯಾರ ಹೆಸರೆಂದು ಕೇಳಬೇಡ.

ಇಷ್ಟು ಅವಸರ ಯಾಕೋ ಮಾರಾಯ? ನಿನ್ನನ್ನು ಅಟ್ಟಿಸಿಕೊಂಡು ಬರುತ್ತಿರುವವರು ಯಾರು?

ಮಿತ್ಸುಗು


ಯಾವತಹಾಮ
15 ಮೇ 2022

ಓಚಿ ಮಿತ್ಸುಗು ಅವರಿಗೆ,

ನಿಮಗೆ ನಾನು ಬೇರೆಯಾಗಿ ಕಾಗದ ಬರೆದವಳಲ್ಲ. ಹೊಸವರ್ಷದ ಕಾರ್ಡಿನಲ್ಲಿ ಇವರ ಹೆಸರಿನ ಪಕ್ಕ ನನ್ನ ಹೆಸರು ಇರುತ್ತಿತ್ತು, ಅಷ್ಟೆ. ಈಗ ಬರೆಯದೆ ಬೇರೆ ದಾರಿ ಕಾಣದು.

ಇವರ ಕಣ್ಣು ಹೋಗುತ್ತಿದೆ. ಕಣ್ಣಿನೊಳಗೆ ಒತ್ತಡ ಹೆಚ್ಚಿ ನೋಟ ಅಂಚಿನಿಂದ ಅಳಿಸಿಕೊಂಡು ಬರುವ ಕಾಯಿಲೆಯಂತೆ. ಎಡಗಡೆ ಆಗಲೇ ಹೋಗಿದೆ. ಡಾಕ್ಟರು ನನ್ನನ್ನು ಬೇರೆಯಾಗಿ ಕರೆದು ಹೇಳಿದರು, "ಹೋದದ್ದು ಬರೋದಿಲ್ಲಮ್ಮ, ಇರೋದನ್ನ ಎಷ್ಟು ದಿನ ಉಳಿಸ್ಕೊಳ್ಳೋಕೆ ಆಗುತ್ತೋ ನೋಡೋಣ" ಎಂದು. ಇವರು ಮನೆಗೆ ಬಂದು, "ಏನೂ ಇಲ್ವಂತೆ, ದಿನಾ ಹನಿ ಹಾಕ್ಕೋಬೇಕಂತೆ" ಎಂದರು. ನನಗೆ ಗೊತ್ತೆಂದು ಇವರಿಗೆ ಗೊತ್ತಿಲ್ಲ.

ಫೆಬ್ರವರಿಯಲ್ಲಿ ಅಂಗಡಿಯ ಸಾಮಾನು ತರಲು ನಮ್ಮ ಚಿಕ್ಕ ವ್ಯಾನಿನಲ್ಲಿ ಹೋಗಿದ್ದೆವು. ಮೀನು ಮಾರುಕಟ್ಟೆಯ ತಿರುವಿನಲ್ಲಿ ಶಿಶುವಿಹಾರದ ಮಕ್ಕಳು ಹಳದಿ ಟೋಪಿ ಹಾಕಿಕೊಂಡು, ಹಗ್ಗ ಹಿಡಿದುಕೊಂಡು ನಿಂತಿದ್ದವು. ಇವರು ಸೀದಾ ಎಡಕ್ಕೆ ತಿರುಗಿಸಿದರು. ನಾನು ಕಿರುಚಿದೆ. ವ್ಯಾನು ನಿಂತಾಗ ಮುಂದಿನ ಮಗು ನನ್ನ ಕಿಟಕಿಗೆ ಕೈಯಳತೆಯಲ್ಲಿತ್ತು. "ಎಲ್ಲಿಂದ ನುಗ್ಗಿದ್ವೋ ಇವು" ಎಂದು ನಕ್ಕರು. ಅವು ನುಗ್ಗಿರಲಿಲ್ಲ. ಮೊದಲಿನಿಂದಲೂ ಅಲ್ಲೇ ನಿಂತಿದ್ದವು.

ನಾನು ಹೊಸ ಕಾರು ಬೇಡವೆಂದರೆ ಯಾಕೆಂದು ಕೇಳುತ್ತಾರೆ. ಆಗ ಆ ಮಾತನ್ನು ನಾನೇ ಆಡಬೇಕು. ಕಣ್ಣು ಕಾಣದ ಕ್ಷೌರಿಕನೆಂದು ಊರಿಗೆ ಗೊತ್ತಾದರೆ ಯಾರು ಕತ್ತು ಕೊಡುತ್ತಾರೆ? ಅದಕ್ಕಿಂತ ಹೆಚ್ಚಾಗಿ, ಆ ಮಾತು ಕೇಳಿದ ದಿನ ಇವರು ಕುಸಿದು ಕೂರುತ್ತಾರೆ, ಮತ್ತೆ ಏಳುವುದಿಲ್ಲ. ಇವರನ್ನು ನಾನು ಬಲ್ಲೆ.

ನೀವು ಹೇಳಿದರೆ ಕೇಳುತ್ತಾರೆ. ಯಾವಾಗಲೂ ಹೇಳಿದ ಹಾಗೆ ಈ ಸಲವೂ ಕಾಯಲು ಹೇಳಿ. ಕಾಯುವುದು ಇವರಿಗೆ ಅಭ್ಯಾಸವಾಗಿದೆ, ಅದರಲ್ಲಿ ಸಂತೋಷವೂ ಇದೆ. ಕಾಯುತ್ತ ಕಾಯುತ್ತ ಕಣ್ಣು ತಾನಾಗಿ ತೀರ್ಮಾನ ಮಾಡಿಬಿಡಲಿ.

ತಪ್ಪಾಗಿ ಕೇಳಿದ್ದರೆ ಮನ್ನಿಸಿ.

ನಿನೊಮಿಯಾ ಸುಮಿಯೆ


ಮತ್ಸುಯಾಮ
29 ಮೇ 2022

ಸುಮಿಯೆ ಅವರಿಗೆ,

ನಿಮ್ಮ ಕಾಗದ ಓದಿದೆ. ಅವಸರ ಯಾಕೆಂದು ನಾನು ತಮಾಷೆಗೆ ಕೇಳಿದ್ದೆ. ಈಗ ಆ ಸಾಲು ನೆನೆದರೆ ನಾಚಿಕೆಯಾಗುತ್ತದೆ.

ನೀವು ಕೇಳುತ್ತಿರುವುದು ಏನೆಂದು ನಿಮಗೆ ತಿಳಿದಿರಬೇಕು. ಮೊನ್ನೆ ಸಭೆಯಾಯಿತು. ಪಟ್ಟಿಯಲ್ಲಿ ಮೂರು ಬಣ್ಣ ಇರಲಿಲ್ಲ. ಸೆಪ್ಟೆಂಬರ್ ಕೊನೆಗೆ ಬುಕಿಂಗ್ ಮುಚ್ಚುತ್ತಾರೆ. ಮುಂದೆ ಹೊಸ ಮಾದರಿ ಇಲ್ಲ. ಬಂದರೂ ಬ್ಯಾಟರಿಯದು, ಯಾವ ಕಾಲಕ್ಕೋ. ಕೈಯಲ್ಲಿ ಗೇರು ಹಾಕುವ ಈ ಕಾರು ಇಲ್ಲಿಗೆ ಮುಗಿಯಿತು. ಹಿಂದೆ ನಾನು ಕಾಯಲು ಹೇಳಿದಾಗಲೆಲ್ಲ ಎದುರಿಗೆ ಏನೋ ಒಂದು ಬರುವುದಿತ್ತು. ಈಗ ಹೇಳಿದರೆ ಅದು ಸುಳ್ಳು. ಇಷ್ಟು ವರ್ಷದಲ್ಲಿ ಅವನಿಗೆ ನಾನು ಹೇಳುವ ಮೊದಲ ಸುಳ್ಳು.

ಗಿರಾಕಿಗಳಿಗೆ ಬೇಕಾದಷ್ಟು ಸುಳ್ಳು ಹೇಳಿದ್ದೇನೆ. ಅದು ನನ್ನ ಹೊಟ್ಟೆಪಾಡು. ಅವನೊಬ್ಬನಿಗೆ ಹೇಳಿಲ್ಲ. ಹೆಂಡತಿ ನನ್ನನ್ನು ಬಿಟ್ಟುಹೋದ ಮೇಲೆ ಈ ಮನೆಯ ಅಂಚೆ ಪೆಟ್ಟಿಗೆಗೆ ಕೈಯಲ್ಲಿ ಬರೆದ ಕಾಗದ ಬರುವುದು ನಿಮ್ಮ ಮನೆಯಿಂದ ಮಾತ್ರ.

ನೀವೇ ಅವನ ಹತ್ತಿರ ಮಾತಾಡಿ. ಗಂಡ ಹೆಂಡಿರ ನಡುವೆ ಆಗಬೇಕಾದ ಮಾತು ಇದು. ದಯವಿಟ್ಟು ಇದನ್ನು ನನ್ನ ತಲೆಗೆ ಕಟ್ಟಬೇಡಿ.

ಓಚಿ ಮಿತ್ಸುಗು


ಯಾವತಹಾಮ
12 ಜೂನ್ 2022

ಓಚಿ ಅವರಿಗೆ,

ಮಾತಾಡಲು ಹೋದೆ. ಊಟಕ್ಕೆ ಕೂತಾಗ, "ಕಣ್ಣು ಹೇಗಿದೆ?" ಎಂದೆ. "ನಿನ್ನ ಮುಖದ ಸುಕ್ಕೆಲ್ಲ ಕಾಣೋವಷ್ಟು ಚೆನ್ನಾಗಿದೆ" ಎಂದು ನಕ್ಕರು. ಪಕ್ಕದಲ್ಲಿಟ್ಟಿದ್ದ ಸೂಪಿನ ಬಟ್ಟಲು ಅವರ ಎಡಗೈ ತಗುಲಿ ಉರುಳಿತು. ನಾನು ಬಟ್ಟೆ ತಂದು ಒರೆಸಿದೆ. ಆ ಮಾತು ಆಮೇಲೂ ಬರಲಿಲ್ಲ.

ನಿಮ್ಮ ಸ್ನೇಹ ದೊಡ್ಡದು, ಒಪ್ಪುತ್ತೇನೆ. ಆದರೆ ನೀವು ಮತ್ಸುಯಾಮದಲ್ಲಿದ್ದೀರಿ. ಆ ಕಾರು ನಿಲ್ಲುವುದು ನನ್ನ ಮನೆಯ ಮುಂದೆ. ಅದು ಹೊರಟ ಪ್ರತಿ ಸಲ ಅದರ ಸದ್ದು ವಾಪಸು ಬರುವವರೆಗೆ ಗಿರಾಕಿಯ ಕತ್ತಿನ ಮೇಲೆ ಕತ್ತಿ ಹಿಡಿದು ನಿಂತಿರಬೇಕಾದವಳು ನಾನು.

ಆ ಹಳದಿ ಟೋಪಿ ಈಗಲೂ ಕಣ್ಣ ಮುಂದೆ ಬರುತ್ತದೆ. ಇನ್ನೊಮ್ಮೆ ಕೇಳುತ್ತಿದ್ದೇನೆ. ಮತ್ತೆ ಕೇಳುವುದಿಲ್ಲ.

ಸುಮಿಯೆ


ಮತ್ಸುಯಾಮ
18 ಜುಲೈ 2022

ಕಿಯೊ,

ಮಳೆಗಾಲ ಮುಗಿಯಿತು. ಜೀರುಂಡೆಗಳ ಗದ್ದಲ ಕಿವಿ ತೂತಾಗುವಷ್ಟಿದೆ.

ಕಾಯಬೇಕು. ಒಂದೇ ಮಾತು ಕೇಳಿದ್ದೆ, ಹೇಳಿದ್ದೇನೆ.

ಸಭೆಯಲ್ಲಿ ತಿಳಿದದ್ದು ಇಷ್ಟು. ಹೊಸ ಮಾದರಿ ತಯಾರಾಗುತ್ತಿದೆ. ಇನ್ನೂ ಹಗುರ, ಇನ್ನೂ ತಗ್ಗು, ಗೇರು ಕೈಯಲ್ಲೇ. ಈಗಿನದನ್ನು ತೆಗೆದುಕೊಂಡರೆ ಹೊಸದರ ಚಿತ್ರ ಪತ್ರಿಕೆಯಲ್ಲಿ ಬಂದ ದಿನ ನೀನು ನನ್ನನ್ನು ಬೈಯುತ್ತೀಯ. ಯಾವಾಗ ಬರುತ್ತದೆಂದು ಖಚಿತವಾಗಿ ಹೇಳಲಾರೆ, ಬರುವ ವರ್ಷದ ಕೊನೆಗೆ ಇರಬಹುದು. ಈ ಮಾತು ಯಾರ ಹತ್ತಿರವೂ ಆಡಬೇಡ, ಅಂಗಡಿಗೆ ಬರುವ ಕಾರಿನ ಹುಚ್ಚರ ಹತ್ತಿರವಂತೂ ಬೇಡವೇ ಬೇಡ. ನನ್ನ ಕೆಲಸದ ಪ್ರಶ್ನೆ.

ಕೊನೆಯ ವರ್ಷದ್ದು ಚಿನ್ನವೆಂದು ಏಪ್ರಿಲ್‌ನಲ್ಲಿ ಬರೆದಿದ್ದೆ. ಆಗ ನನಗೆ ಇದೆಲ್ಲ ಗೊತ್ತಿರಲಿಲ್ಲ.

ಆರೋಗ್ಯ ನೋಡಿಕೋ.

ಮಿತ್ಸುಗು


ಯಾವತಹಾಮ
7 ಆಗಸ್ಟ್ 2022

ಮಿತ್ಸು,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೊದಲ ಸಲ ಬೇಜಾರಾಯಿತು, ಎರಡನೇ ಸಲವೂ ಆಯಿತು.

ಬರುವ ವರ್ಷದ ಕೊನೆಯೇ? ಸ್ವಲ್ಪ ಮುಂಚೆ ಆಗುವುದಿಲ್ಲವೇ? ವಸಂತಕ್ಕೆ? ಕಂಪನಿಯವರು ನಿನ್ನ ಮಾತು ಕೇಳುವುದಿಲ್ಲ, ಗೊತ್ತು. ಸುಮ್ಮನೆ ಕೇಳಿದೆ. ಈಗಿನದನ್ನೇ ತೆಗೆದುಕೊಂಡು ಆಮೇಲೆ ಅತ್ತರೂ ಅಳುತ್ತೇನೆಂದು ಒಂದು ದಿನವೆಲ್ಲ ಅಂದುಕೊಂಡೆ. ಬುಕಿಂಗ್ ಮಾಡಲು ಬಸ್ಸು ಹತ್ತಿ ಬಂದುಬಿಡಬೇಕೆಂದು ಸೋಮವಾರ, ಅಂಗಡಿಯ ರಜೆಯ ದಿನ, ನಿಲ್ದಾಣದವರೆಗೂ ಹೋದೆ. ಅಲ್ಲಿ ಕೂತು ಯೋಚನೆ ಬಂತು: ಮಿತ್ಸು ಕಾಯಬೇಕೆಂದು ಬರೆದಿದ್ದಾನೆ, ಅದು ತಿಳಿದೂ ಹೋದರೆ ಅವನ ಮುಖ ಹೇಗೆ ನೋಡಲಿ? ಐಸ್ ಕಡ್ಡಿ ತಿಂದು ವಾಪಸು ಬಂದೆ.

ಸರಿ, ಕಾಯುತ್ತೇನೆ. ನಿನ್ನ ಮಾತಿಗೆ ನಾನು ಯಾವತ್ತು ಎದುರಾಡಿದ್ದೇನೆ?

ಈ ಮಾತನ್ನು ಸುಮಿಯೆಗೆ ಹೇಳಿದೆ. "ಓಚಿ ಅವರು ಹೇಳಿದ ಮೇಲೆ ಮುಗೀತು" ಎಂದಳು. ಹೇಳಿ ಒಳಗೆ ಹೋದವಳು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಅವಳಿಗೂ ಆಸೆಯಿತ್ತೋ ಏನೋ ಪಾಪ.

ಕಿಯೊಹಾರು


ಮತ್ಸುಯಾಮ
9 ಅಕ್ಟೋಬರ್ 2022

ಸುಮಿಯೆ ಅವರಿಗೆ,

ಬುಕಿಂಗ್ ಮುಚ್ಚಿತು.

ಕಡು ಹಸಿರಿನದು ಒಂದು ನಮ್ಮ ಶಾಖೆಗೆ ಬಂದೇ ಬಂತು. ಕೊನೆಯ ದಿನದವರೆಗೂ ಅದನ್ನು ಯಾರಿಗೂ ಕೊಡದೆ ಹಿಡಿದಿಟ್ಟಿದ್ದೆ. ನೀವು ಮನಸ್ಸು ಬದಲಾಯಿಸಿ ಒಂದು ಸಾಲು ಬರೆಯಬಹುದೆಂದು ಕಾದೆ. ಆಮೇಲೆ ಓಜು ಪಟ್ಟಣದ ಹಲ್ಲಿನ ಡಾಕ್ಟರೊಬ್ಬರಿಗೆ ಕೊಟ್ಟೆ. ಒಳ್ಳೆಯ ದಿನ ನೋಡಿ ಗಾಡಿ ಒಪ್ಪಿಸುವಾಗ ನಾವು ಸಾಲಾಗಿ ನಿಂತು ತಲೆಬಾಗಿ ಬೀಳ್ಕೊಡುವುದು ಪದ್ಧತಿ. ತಲೆ ಬಾಗಿಸಿದವನಿಗೆ ಎತ್ತಲು ಆಗಲಿಲ್ಲ. ಡಾಕ್ಟರು ಕೆಳಗಿಳಿದು ಏನಾಯಿತೆಂದು ಕೇಳಿದರು. ಬಾಯಿಗೆ ಬಂದದ್ದು ಏನೋ ಹೇಳಿದೆ.

ನೀವು ಕೇಳಿದ್ದು ಆಯಿತು. ಅವನನ್ನು ಚೆನ್ನಾಗಿ ನೋಡಿಕೊಳ್ಳಿ.

ಓಚಿ ಮಿತ್ಸುಗು


ಯಾವತಹಾಮ
4 ಜೂನ್ 2023

ಓಚಿ ಅವರಿಗೆ,

ಬೇಸಿಗೆಯ ಕಿತ್ತಳೆ ಕಳಿಸಿದ್ದೇನೆ. ಸಿಪ್ಪೆ ದಪ್ಪ, ಆದರೆ ರಸವಿದೆ.

ಇವರು ಏಪ್ರಿಲ್‌ನಲ್ಲಿ ಪೊಲೀಸ್ ಠಾಣೆಗೆ ತಾವೇ ಹೋಗಿ ಲೈಸೆನ್ಸ್ ವಾಪಸು ಕೊಟ್ಟು ಬಂದರು. ನಾನು ಕೇಳಿರಲಿಲ್ಲ. ಬಂದು, "ಇನ್ಮೇಲೆ ನೀನೇ ಕಣ್ಣು" ಎಂದರು. ಅಷ್ಟೇ ಆಡಿದ್ದು. ಕತ್ತರಿಯನ್ನೂ ಕೆಳಗಿಟ್ಟಿದ್ದಾರೆ. ಬೆಳಿಗ್ಗೆ ಅಂಗಡಿಯ ಬೆಂಚಿನ ಮೇಲೆ ಕೂತರೆ ಸಂಜೆಯವರೆಗೆ ಅಲ್ಲೇ. ಬಂದವರ ಜೊತೆ ನಗುನಗುತ್ತ ಮಾತಾಡುತ್ತಾರೆ. ಅವರು ಹೋದ ಮೇಲೆ ಆ ನಗು ಎಲ್ಲಿ ಹೋಗುತ್ತದೋ ಗೊತ್ತಿಲ್ಲ. ಹೊರಗೆ ಯಾವುದಾದರೂ ಕಾರು ಗೇರು ಬದಲಿಸಿದ ಸದ್ದು ಕೇಳಿದರೆ ತಲೆ ಎತ್ತುತ್ತಾರೆ.

ಕಳೆದ ವಾರ ಕೇಳಿದರು, "ಮಿತ್ಸು ಏನಾದ್ರೂ ಬರ್ದಿದ್ನಾ, ಹೊಸ ಮಾದರಿ ವಿಷ್ಯ?" ಎಂದು. ಇನ್ನೂ ಇಲ್ಲವೆಂದೆ. "ಬರಲಿ ಬಿಡು, ನಿಧಾನಕ್ಕೆ ಬರಲಿ" ಎಂದರು. ನಾನು ಒಳಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಯಾರಿಗೂ ಏನೂ ಆಗಲಿಲ್ಲ. ನಾವು ಮಾಡಿದ್ದು ಸರಿಯೇ ಅಲ್ಲವೇ? ನಿಮ್ಮನ್ನಲ್ಲದೆ ಯಾರನ್ನು ಕೇಳಲಿ?

ಸುಮಿಯೆ


ಯಾವತಹಾಮ
22 ಅಕ್ಟೋಬರ್ 2023

ಮಿತ್ಸು,

ಸಾಲಿನ ಮೇಲೆ ಸಾಲು ಹತ್ತಿದ್ದರೆ ಕಷ್ಟಪಟ್ಟು ಓದು. ಸುಮಿಯೆ ತಂಗಿಯ ಮನೆಗೆ ಹೋಗಿದ್ದಾಳೆ. ದಪ್ಪ ಪೆನ್ನು ಹಿಡಿದು, ಕಾಗದದ ಮೇಲೆ ಬಾಚಣಿಗೆ ಅಡ್ಡ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಂಚೆ ಡಬ್ಬಿ ಮೂಲೆಯಲ್ಲೇ ಇದೆ. ಗೋಡೆ ಹಿಡಿದು ಹೋಗಬಲ್ಲೆ.

ಹೋದ ವಾರ ಅಂಗಡಿಯ ಮುಂದೆ ಒಂದು ಕಾರು ನಿಂತಿತು. ಸದ್ದಿನಲ್ಲೇ ಗುರುತು ಸಿಕ್ಕಿತು. ಒಳಗೆ ಬಂದವನು ಓಜು ಪಟ್ಟಣದ ಹಲ್ಲಿನ ಡಾಕ್ಟರಂತೆ. ಈ ಊರಿನಲ್ಲಿ ಅವನ ತಾಯಿಯ ಮನೆಯಿದೆ. ಸುಮಿಯೆ ಟವಲು ಒಣಹಾಕಲು ಮಾಳಿಗೆಗೆ ಹೋಗಿದ್ದಳು. ನಾನು ಬಾಯಿ ತಡೆಯಲಾರದೆ, "ಇನ್ನೊಂದ್ ಸ್ವಲ್ಪ ಕಾದಿದ್ರೆ ಹೊಸ ಮಾದರಿನೇ ಸಿಗ್ತಿತ್ತಲ್ಲ ಡಾಕ್ಟ್ರೇ" ಎಂದೆ. ನಿನ್ನ ಗುಟ್ಟು ಬಿಟ್ಟುಕೊಟ್ಟೆನಲ್ಲ ಎಂದು ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವನು ನಕ್ಕ. "ಎಲ್ಲೀ ಹೊಸ ಮಾದರಿ ಯಜಮಾನ್ರೆ! ಇದೇ ಕೊನೇದು. ಹೋದ ವರ್ಷ ಸೆಪ್ಟೆಂಬರ್‌ಗೇ ಬುಕಿಂಗ್ ಬಂದ್ ಮಾಡಿದ್ರು. ಇದೂ ನಂಗೆ ಸಿಗ್ತಿರ್ಲಿಲ್ಲ. ಮತ್ಸುಯಾಮದ ಓಚಿ ಅನ್ನೋರು ಯಾರೋ ಸ್ನೇಹಿತನಿಗೆ ಅಂತ ಎತ್ತಿಟ್ಟಿದ್ರಂತೆ. ಪಾಪ, ಅವನ ಕಣ್ಣು ಹೋಗ್ತಾ ಇದೆ, ಇನ್ನು ಓಡ್ಸಕ್ಕಾಗಲ್ಲ ಅಂತ ಹೇಳಿ ಅತ್ತೇ ಬಿಟ್ರು ಮನುಷ್ಯ."

ಕಾರಿನ ಬಣ್ಣ ಯಾವುದೆಂದು ಕೇಳಿದೆ. ಹೇಳಿದ.

ನನ್ನ ಕಣ್ಣಿನ ಸುದ್ದಿ ನಾನು ಯಾರಿಗೂ ಹೇಳಿರಲಿಲ್ಲ. ಹೋದ ವರ್ಷ ನಿನಗೆ ಗೊತ್ತಿತ್ತೆಂದರೆ ಒಬ್ಬಳಿಂದಲೇ ಗೊತ್ತಾಗಿರಬೇಕು. ಮಾಳಿಗೆಯಿಂದ ಅವಳ ಚಪ್ಪಲಿಯ ಸದ್ದು ಇಳಿದು ಬರುವುದರೊಳಗೆ ಇಷ್ಟೂ ನನಗೆ ಅರ್ಥವಾಯಿತು. ಅವಳು ಬಂದಾಗ ನಾನು ಹಲ್ಲುನೋವಿನ ಮಾತಾಡುತ್ತಿದ್ದೆ.

ನಿನಗೆ ಗೊತ್ತಿಲ್ಲದ್ದು ಒಂದಿದೆ, ಕೇಳು. ಹೋದ ವರ್ಷ ಕಣ್ಣಿನ ಡಾಕ್ಟರು ನನಗೂ ಹೇಳಿದ್ದರು. ಬರುವ ವಸಂತದವರೆಗೆ ಹಗಲಿನಲ್ಲಿ, ಪಕ್ಕದಲ್ಲಿ ಯಾರಾದರೂ ಇದ್ದರೆ, ಖಾಲಿ ರಸ್ತೆಯಲ್ಲಿ ಓಡಿಸು, ಆಮೇಲೆ ಮುಟ್ಟಬೇಡ ಎಂದು. ಹೋಗಿದ್ದು ಎಡಗಡೆ ನೋಟ. ಎಡಗಡೆ ಸೀಟಿನಲ್ಲಿ ಸುಮಿಯೆ ಕೂರುತ್ತಿದ್ದಳು. ಕಾರು ಮನೆಗೆ ಬಂದ ದಿನ ಎಲ್ಲ ಹೇಳಿ, "ಎಡಗಡೆ ನೀನು ನೋಡು, ಬಲಗಡೆ ನಾನು ನೋಡ್ತೀನಿ" ಎಂದು ಕೇಳಿಕೊಳ್ಳುವವನಿದ್ದೆ. ಆ ಮಾತನ್ನು ಮನೆಯಲ್ಲಿ ಊಟದ ಮುಂದೆ ಕೂತು ಆಡುವ ಧೈರ್ಯ ನನಗೆ ಬರಲಿಲ್ಲ. ಆ ಕಾರಿನಲ್ಲಾದರೆ ಆಡಬಲ್ಲೆ ಎನ್ನಿಸಿತ್ತು. ಒಂದು ಶರತ್ಕಾಲ ಸಾಕಾಗಿತ್ತು. ಆಮೇಲೆ ಲೈಸೆನ್ಸನ್ನೂ ಕಾರನ್ನೂ ಕೊಟ್ಟುಬಿಡುತ್ತಿದ್ದೆ. ಅದಕ್ಕೇ ಈ ವರ್ಷವೇ ಎಂದು ಬರೆದದ್ದು. ಅವಸರ ಯಾಕೆಂದು ನೀನು ಕೇಳಿದ್ದೆ. ನಾನು ಹೇಳಲಿಲ್ಲ. ಅದು ನನ್ನ ತಪ್ಪು.

ಸುಮಿಯೆ ಹೆದರಿದ್ದು ತಪ್ಪಲ್ಲ. ಮೀನು ಮಾರುಕಟ್ಟೆಯ ತಿರುವಿನಲ್ಲಿ ನಿಂತಿದ್ದ ಆ ಮಕ್ಕಳನ್ನು ನಾನು ನೋಡಲೇ ಇಲ್ಲ ಎನ್ನುವುದು ನನಗೂ ಗೊತ್ತು, ಅವಳ ಜಾಗದಲ್ಲಿ ನಾನಿದ್ದರೂ ಹೆದರುತ್ತಿದ್ದೆ. ಆದರೆ ನೀನು? ಕಾರಿನ ವಿಷಯದಲ್ಲಿ ನಾನು ನಂಬಿದ್ದು ನಿನ್ನೊಬ್ಬನನ್ನು. ಬಸ್ ನಿಲ್ದಾಣದಲ್ಲಿ ಕೂತಿದ್ದಾಗ ನನ್ನನ್ನು ಎಬ್ಬಿಸಿ ಮನೆಗೆ ಕಳಿಸಿದ್ದು ಆ ನಂಬಿಕೆ.

ನನಗೆ ಬಂದಿರುವ ಸಿಟ್ಟು ಎಷ್ಟೆಂದು ಈ ಕಾಗದದಲ್ಲಿ ಹಿಡಿಸುವುದಿಲ್ಲ. ಅದನ್ನು ಸುಮಿಯೆಯ ಮೇಲೆ ಹಾಕಲಾರೆ. ಬೆಳಿಗ್ಗೆ ಎದ್ದರೆ ಅವಳ ಕೈ ಹಿಡಿದೇ ಬಚ್ಚಲಿಗೆ ಹೋಗಬೇಕು. ಹಿಡಿದ ಕೈಯ ಮೇಲೆ ಸಿಟ್ಟು ಮಾಡಿಕೊಂಡು ಬದುಕುವುದು ಹೇಗೆ? ಅದಕ್ಕೆ ಪೂರ್ತಿ ನಿನ್ನ ಮೇಲೆ ಹಾಕುತ್ತಿದ್ದೇನೆ. ಅವಳ ಪಾಲಿನದೂ ಸೇರಿಸಿ ನೀನೇ ಹೊತ್ತುಕೋ.

ಇನ್ನು ನನಗೆ ಬರೆಯಬೇಡ. ಕ್ಷಮೆ ಕೇಳಿಯೂ ಬರೆಯಬೇಡ, ಹೊಸವರ್ಷದ ಕಾರ್ಡನ್ನೂ ಹಾಕಬೇಡ. ಇನ್ನು ಮೇಲೆ ನನಗೆ ಬಂದ ಕಾಗದವನ್ನು ಓದಿ ಹೇಳಬೇಕಾದವಳು ಅವಳೇ.

ನಿನೊಮಿಯಾ ಕಿಯೊಹಾರು